ಒಡೆದ ಹಾಲು ಮತ್ತೆ ಕೂಡಿದ ದಿನ

ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುವಾಗ ನನ್ನ ಪ್ರಾಜೆಕ್ಟ್ ಹಲ್ಲಿನ ಪಾಚಿಯ ಮೇಲಿತ್ತು. ಅವತ್ತಿನ ಕೆಲಸ ಸುಲಭದ್ದೇ. ಒಂದು ಟ್ಯೂಬಿನಲ್ಲಿ ಸ್ಟ್ರೆಪ್ಟೊಕಾಕಸ್ ಓರಾಲಿಸ್, ಇನ್ನೊಂದರಲ್ಲಿ ಆಕ್ಟಿನೊಮೈಸಿಸ್; ಎರಡೂ ಬಾಯಲ್ಲಿರುವ ಬ್ಯಾಕ್ಟೀರಿಯಾಗಳೇ. ಟ್ಯೂಬುಗಳೆರಡೂ ನೀರು ಬೆರೆಸಿದ ಹಾಲಿನ ಹಾಗೆ ಕಾಣುತ್ತಿದ್ದವು. ಸಮಸಮ ಹಾಕಿ ಅಲ್ಲಾಡಿಸಿ, ಒಂದಕ್ಕೊಂದು ಅಂಟುತ್ತವಾ ಅಂತ ನೋಡಬೇಕು, ಅಷ್ಟೆ. 1970ರಲ್ಲಿ ಗಿಬ್ಬನ್ಸ್ ಮತ್ತು ನೈಗಾರ್ಡ್ ಅನ್ನುವ ಸಂಶೋಧಕರು ಕೂಡ ಪಾಚಿಯ ಬ್ಯಾಕ್ಟೀರಿಯಾಗಳನ್ನು ಹೀಗೇ ಜೋಡಿ ಜೋಡಿಯಾಗಿ ಬೆರೆಸಿ ನೋಡಿದ್ದರು.

ನನ್ನ ಟ್ಯೂಬಿನಲ್ಲಿ ಏನೂ ಆಗಲಿಲ್ಲ. ಬೆಳಕಿಗೆ ಹಿಡಿದು ಹಿಡಿದು ಕೈ ನೋವು ಬಂತು. ಮೇಡಂ ಬಂದವರು ಸ್ಟ್ಯಾಂಡಿನ ಕಡೆ ಕಣ್ಣು ಹಾಯಿಸಿದರು. "ಏನಮ್ಮಾ, ಎರಡು ಸಲವೂ ಒಂದೇ ಟ್ಯೂಬಿಂದ ಹಾಕಿದ್ದೀಯಲ್ಲ?"

ಹೌದು. ಆಕ್ಟಿನೊಮೈಸಿಸ್ ಟ್ಯೂಬ್ ಮುಟ್ಟದೆ ಹಾಗೇ ಕೂತಿತ್ತು. ಅಲ್ಲಿದ್ದದ್ದೆಲ್ಲ ಒಂದೇ ಜಾತಿ, ಹಾಗಾಗಿ ಒಂದಕ್ಕೊಂದು ಅಂಟಿರಲಿಲ್ಲ. ಬೇರೆ ಜಾತಿ ಸಿಕ್ಕರೆ ಮಾತ್ರ ಇವು ಬಿಡಲ್ಲ. (ನಮಗಿಂತ ವಾಸಿ ಅನ್ನಿಸಿತು.)

ಈ ಸಲ ಸರಿಯಾಗಿ ಬೆರೆಸಿದೆ. ಟ್ಯೂಬ್ ಕೆಳಗಿಡುವಷ್ಟರಲ್ಲೇ ರವೆಯಂಥ ಕಣ ಕಂಡವು. ನೋಡ್ತಾ ನೋಡ್ತಾ ನಿಂಬೆ ಹಿಂಡಿದ ಹಾಲಿನಂತೆ ಗರಣೆ ಗರಣೆಯಾಗಿ ತಳಕ್ಕಿಳಿದವು. ಮೇಲೆ ತಿಳಿನೀರು. ಆಕ್ಟಿನೊಮೈಸಿಸ್ ಮೈಮೇಲೆ ಸಣ್ಣ ಸಣ್ಣ ಎಳೆಗಳಿರುತ್ತವೆ. ಸ್ಟ್ರೆಪ್ಟೊಕಾಕಸ್ಸಿನ ಹೊದಿಕೆಯಲ್ಲಿರುವ ಗ್ಯಾಲಕ್ಟೋಸ್ ತರಹದ ಸಕ್ಕರೆಯನ್ನು ಆ ಎಳೆಗಳು ಗಟ್ಟಿಯಾಗಿ ಹಿಡಿಯುತ್ತವೆ.

"ಈಗ ಲ್ಯಾಕ್ಟೋಸ್ ಹಾಕು" ಅಂದರು ಮೇಡಂ. ಹಾಕಿ ಅಲ್ಲಾಡಿಸಿದೆ. ಗರಣೆಯೆಲ್ಲ ಕರಗಿ ಮತ್ತೆ ಮೊದಲಿನ ಬಿಳಿ ನೀರು! ಒಡೆದ ಹಾಲು ಕೂಡಿಕೊಳ್ಳುವುದನ್ನು ಯಾವ ಅಡುಗೆಮನೆಯಲ್ಲೂ ನೋಡಿರಲಿಲ್ಲ. ಕೂಡಿಸಿದ್ದೂ ಹಾಲಿನ ಸಕ್ಕರೆಯೇ. ಎಳೆಗಳ ಹಿಡಿತಕ್ಕೆ ಅದೇ ತರಹದ ಸಕ್ಕರೆಯಾದ ಲ್ಯಾಕ್ಟೋಸ್ ಸಿಕ್ಕಿತು, ಪಕ್ಕದವನ ಕೈ ಬಿಟ್ಟವು.

ಹಾಸ್ಟೆಲಿನಲ್ಲಿ ಹೇಳಿದರೆ ರೂಮ್‌ಮೇಟ್ ಕೇಳಿದಳು: "ಹಾಗಾದ್ರೆ ಹಾಲು ಕುಡಿದು ಮಲಗಿದ್ರೆ ಬ್ರಶ್ ಮಾಡೋದೇ ಬೇಡ ಅಲ್ವಾ?"

ಬೇಕೇ ಬೇಕು ಕಣೇ. ಬಾಯಲ್ಲಿ ಇರುವ ಹಿಡಿತ ಇದೊಂದೇ ಅಲ್ಲ. ಉಜ್ಜಿದ ಸ್ವಲ್ಪ ಹೊತ್ತಿಗೇ ಜೊಲ್ಲಿನ ಪ್ರೋಟೀನು ಹಲ್ಲಿಗೆ ಪೊರೆ ಕಟ್ಟುತ್ತೆ. ಅದರ ಮೇಲೆ ಮೊದಲು ಈ ಜೋಡಿಯಂಥವು ಕೂರುತ್ತವೆ. ಆಮೇಲೆ ಫ್ಯೂಸೊಬ್ಯಾಕ್ಟೀರಿಯಮ್ ಅನ್ನುವ ಉದ್ದನೆಯದು ಬರುತ್ತೆ. ಮದುವೆಮನೆಯಲ್ಲಿ ಎರಡೂ ಕಡೆಯವರಿಗೆ ಬೇಕಾದ ಸೋದರಮಾವನ ಹಾಗೆ. ಮೊದಲು ಬಂದವಕ್ಕೂ ಅಂಟುತ್ತೆ, ಕೊನೆಗೆ ಬಂದು ವಸಡು ಹಾಳುಮಾಡುವವಕ್ಕೂ ಅಂಟುತ್ತೆ. ಸಾಲದ್ದಕ್ಕೆ ಲ್ಯಾಕ್ಟೋಸ್ ಕೆಲವಕ್ಕೆ ಊಟವೂ ಹೌದು.

ಇಷ್ಟೆಲ್ಲ ಹೇಳಿ ಮಲಗಿದವಳು ಸುಮ್ನೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಆಡಿಸಿದೆ. ಒರಟು. ಪಾಚಿ ಯಾವತ್ತೋ ಗಾರೆ ಕಟ್ಟಿತ್ತು. ಅದು ಬ್ರಶ್ಶಿಗೂ ಬಗ್ಗಲ್ಲ, ಲ್ಯಾಕ್ಟೋಸಿಗೂ ಬಗ್ಗಲ್ಲ.