ಗೊಮ್ಮಟನಿಗೆ ಬೀಗ

"ಯಾರು ನೋಡಿದ್ದು ಮಾರಾಯ ಅದನ್ನು?"

ಈ ವಾರ ಪೂರ್ತಿ ಮಾಷ್ಟ್ರು ಫೋನಿನಲ್ಲಿ ಕೇಳಿದ್ದು ಇದೊಂದೇ ಪ್ರಶ್ನೆ. ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ನಗುತ್ತಾ, ಇನ್ನೊಮ್ಮೆ ಹಳೇ ಹೆಡ್‌ಮಾಷ್ಟ್ರ ಗತ್ತಿನಲ್ಲಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಾಷ್ಟ್ರು ಮೂಡುಬಿದಿರೆಯವರು. ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದವರು. ರಿಟೈರಾದ ಮೇಲೆ ಬಸದಿ, ಶಾಸನ, ಮಾನಸ್ತಂಭ ಅಂತ ಊರೂರು ತಿರುಗಿ ಫೋಟೊ ತೆಗೆದು ಸೋಶಿಯಲ್ ಮೀಡಿಯಾದಲ್ಲಿ ಹಾಕುವುದೇ ಅವರ ಕೆಲಸ. ಕೆಳಗೆ ಬರೆಯುವುದು ನಾಲ್ಕೇ ಸಾಲು, ಆದರೆ ಇಸವಿ ತಪ್ಪುವುದಿಲ್ಲ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ್ದು ವೀರಪಾಂಡ್ಯ, ವೇಣೂರಿನದನ್ನು 1604ರಲ್ಲಿ ತಿಮ್ಮಣ್ಣ ಅಜಿಲ ಎಂದು ನನಗೆ ಬಾಯಿಪಾಠ ಆಗಿದ್ದೇ ಅವರ ಪೋಸ್ಟ್ ನೋಡಿ. ಶಾಲೆಯಲ್ಲಿ ಕಲಿಸಿದಾಗ ತಲೆಗೆ ಹತ್ತಿರಲಿಲ್ಲ.

ಈ ವಾರ ಅವರು ಹಾಕಿದ್ದು ವೇಣೂರಿನ ಒಂದು ಹಳೇ ಫೋಟೊ. 2024ರ ಮಹಾಮಸ್ತಕಾಭಿಷೇಕದಲ್ಲಿ ಅಭಿಷೇಕಕ್ಕೆ ಕಟ್ಟಿದ ಅಟ್ಟಳಿಗೆಯ ಹತ್ತಿರದಿಂದ ತೆಗೆದದ್ದು. ಸ್ವಲ್ಪ ಹೊತ್ತಿಗೆ ಅದು ಮಾಯ. ಆಮೇಲೆ ಅಕೌಂಟಿಗೇ ಬೀಗ. ಕಾರಣ: ನಗ್ನತೆ ಮತ್ತು ಲೈಂಗಿಕ ಚಟುವಟಿಕೆ.

ಮೊದಲು ಮಾಷ್ಟ್ರು ಬಿದ್ದು ಬಿದ್ದು ನಕ್ಕರು. "ನಾನೂರು ವರ್ಷದಿಂದ ಹಾಗೇ ನಿಂತಿದ್ದಾನೆ, ಒಬ್ಬನೂ ಕಂಪ್ಲೇಂಟ್ ಕೊಟ್ಟಿರಲಿಲ್ಲ" ಎಂದರು. ನಾನೂ ನಕ್ಕೆ. ಅಪೀಲ್ ಬಟನ್ ಒತ್ತಿ ಸರ್, ಸರಿ ಹೋಗುತ್ತದೆ ಎಂದೆ. ಬಟನ್ ಒತ್ತುವ ಮೊದಲೇ ಅವರು ಕಾಗದದ ಮೇಲೆ ಒಂದು ಪತ್ರ ಬರೆದಿಟ್ಟುಕೊಂಡಿದ್ದರು. "ಮಾನ್ಯರೇ" ಎಂದು ಶುರು. ರಾಜ್ಯ ಗೆದ್ದ ಬಾಹುಬಲಿ ಗೆದ್ದದ್ದನ್ನೇ ಬಿಟ್ಟು, ಬಟ್ಟೆಯನ್ನೂ ಬಿಟ್ಟು, ಕಾಲಿಗೆ ಬಳ್ಳಿ ಸುತ್ತಿಕೊಳ್ಳುವ ತನಕ ತಪಸ್ಸಿಗೆ ನಿಂತ ಕಥೆ ಅದರಲ್ಲಿತ್ತು. ಕೊನೆಗೆ "ತಮ್ಮ ವಿಶ್ವಾಸಿ".

ಅದನ್ನು ಹಾಕಲು ಜಾಗವೇ ಇರಲಿಲ್ಲ. ನಾಲ್ಕು ಗೆರೆ ಕೊಟ್ಟು, ಒಂದನ್ನು ಆರಿಸಿ ಎಂದಿತು. 'ಈ ನಿರ್ಧಾರವನ್ನು ನಾನು ಒಪ್ಪುವುದಿಲ್ಲ' ಎನ್ನುವುದನ್ನು ಒತ್ತಿದರು. ಆಮೇಲೆ ಸೆಲ್ಫಿ ವಿಡಿಯೊ ಕೊಡಿ, ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಎಂದಿತು. ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸಿದ ಮನುಷ್ಯ ಫೋನಿನ ಮುಂದೆ ಕತ್ತು ತಿರುಗಿಸಿದರು. ಮಡದಿ ಹಿಂದೆ ನಿಂತು ನಕ್ಕರಂತೆ. ಮಾಷ್ಟ್ರು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಉತ್ತರ ಬಂತು: ನಿಮ್ಮ ಅಪೀಲನ್ನು ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ.

ಆಗಲೇ ಮೊದಲ ಸಲ ಕೇಳಿದ್ದು. ಯಾರು ನೋಡಿದ್ದು ಮಾರಾಯ ಅದನ್ನು?

"ಮಷೀನ್ ಇರಬೇಕು ಸರ್."

"ಮೊದಲು ಬೀಗ ಹಾಕಿದ್ದು?"

"ಅದೂ ಮಷೀನೇ."

"ಹಾಗಾದರೆ ಇದು ಅಪೀಲ್ ಹೇಗಾಯಿತು?" ಎಂದರು. ಮಾಷ್ಟ್ರು ವರ್ಷಗಟ್ಟಲೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿದವರು. ಮರುಎಣಿಕೆ ಬೇರೆ, ಮರುಮೌಲ್ಯಮಾಪನ ಬೇರೆ ಎಂದು ನನಗೇ ಪಾಠ ಮಾಡಿದರು. ಮರುಎಣಿಕೆಯಲ್ಲಿ ಅಂಕ ಕೂಡಿದ್ದು ಸರಿಯಾ ಅಂತ ನೋಡಿದರೆ ಸಾಕು. ಮರುಮೌಲ್ಯಮಾಪನ ಅಂದರೆ ಬೇರೆ ಮಾಷ್ಟ್ರು ಕೂತು ಉತ್ತರವನ್ನೇ ಓದಬೇಕು. "ಇವರು ಎಣಿಕೆಯನ್ನೂ ಮಾಡಿಲ್ಲ."

ಫೋಟೊ ಯಾಕೆ ಸಿಕ್ಕಿಬಿದ್ದಿತು ಎನ್ನುವುದಕ್ಕೆ ನನ್ನದೊಂದು ಊಹೆ ಇದೆ. ಅದು ಅರಿಸಿನ, ಚಂದನ ಹೊಯ್ಯುವ ಹೊತ್ತಿನ ಫೋಟೊ. ಕಲ್ಲು ಕಲ್ಲಿನ ಬಣ್ಣದಲ್ಲಿ ಇರಲಿಲ್ಲ, ಒದ್ದೆ ಚರ್ಮದ ಹಾಗೆ ಹೊಳೆಯುತ್ತಿತ್ತು. ಫ್ರೇಮಿನಲ್ಲಿ ಮುಖವೂ ಇಲ್ಲ, ಪಕ್ಕದಲ್ಲಿ ಮನುಷ್ಯರೂ ಇಲ್ಲ. 35 ಅಡಿ ಎತ್ತರ ಅಂತ ಮಷೀನಿಗೆ ಹೇಗೆ ಗೊತ್ತಾಗಬೇಕು? ಮೊದಲ ತಪ್ಪನ್ನು ನಾನು ಕ್ಷಮಿಸುತ್ತೇನೆ. ಅಷ್ಟು ಕೋಟಿ ಫೋಟೊಗಳನ್ನು ಮನುಷ್ಯರೇ ಕೂತು ನೋಡಲು ಆಗುವುದಿಲ್ಲ. ಆದರೆ ಅದೇ ಆ್ಯಪಿನ ನಿಯಮದ ಪುಟದಲ್ಲಿ ಚಿತ್ರಕಲೆಗೆ, ಶಿಲ್ಪಕ್ಕೆ ವಿನಾಯಿತಿ ಇದೆ ಎಂದು ಬರೆದಿದೆ. ವಿನಾಯಿತಿ ಇರುವುದು ಕಣ್ಣಿದ್ದವರು ನೋಡಲಿ ಅಂತ ತಾನೇ?

ಇದೇನು ಹೊಸದಲ್ಲ. 2017ರ ಕೊನೆಯಲ್ಲಿ ವಿಯೆನ್ನಾದ ಮ್ಯೂಸಿಯಂನಲ್ಲಿರುವ 'ವಿಲ್ಲೆನ್‌ಡಾರ್ಫಿನ ವೀನಸ್' ಮೂರ್ತಿಯ ಫೋಟೊವನ್ನು ಫೇಸ್‌ಬುಕ್ ಅಶ್ಲೀಲ ಎಂದು ತೆಗೆದು, ಆಮೇಲೆ ಕ್ಷಮೆ ಕೇಳಿತ್ತು. ಅಂಗೈಯಲ್ಲಿ ಹಿಡಿಯುವಷ್ಟು, ಸುಮಾರು 11 ಸೆಂಟಿಮೀಟರಿನ ಕಲ್ಲಿನ ಗೊಂಬೆ ಅದು. 2020ರಲ್ಲಿ ಬ್ರೆಜಿಲಿನಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಯ ಇನ್‌ಸ್ಟಾಗ್ರಾಂ ಪೋಸ್ಟನ್ನೂ ಮಷೀನ್ ಹೀಗೇ ತೆಗೆದುಹಾಕಿತ್ತು. ಆ ಕಂಪನಿಯೇ ಮಾಡಿಕೊಂಡ ಮೇಲ್ವಿಚಾರಣಾ ಮಂಡಳಿ ಕೈಗೆತ್ತಿಕೊಂಡ ಮೇಲೆ ಪೋಸ್ಟ್ ವಾಪಸ್ ಬಂತು. ಮ್ಯೂಸಿಯಂ ಕೂಗಿದರೆ ಪೇಪರಿನವರು ಬರುತ್ತಾರೆ. ಮೂಡುಬಿದಿರೆಯ ಮಾಷ್ಟ್ರು ಕೂಗಿದರೆ ನಾನು ಬರುತ್ತೇನೆ, ಅಷ್ಟೇ.

ಸಲಹೆ ಕೊಡುವವರಿಗೇನೂ ಬರ ಇರಲಿಲ್ಲ. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. "ಸುಮ್ನೆ ಹೊಸ ಅಕೌಂಟ್ ಮಾಡಿ ಅಪ್ಪಾ" ಎಂದನಂತೆ. ಒಳ್ಳೆಯ ಹುಡುಗ, ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ. ಆದರೆ ಅಪ್ಪನ ಪೋಸ್ಟ್ ಒಂದನ್ನೂ ಓದಿಲ್ಲ ಎಂದು ಆ ಮಾತಿನಲ್ಲೇ ಗೊತ್ತಾಗುತ್ತದೆ. ಹಳೇ ಪೋಸ್ಟುಗಳ ಕೆಳಗೆ ತೀರಿಹೋದ ಗೆಳೆಯರು ಬರೆದ ಮಾತುಗಳಿವೆ. ಅವನ್ನು ಹೊಸ ಅಕೌಂಟಿನಲ್ಲಿ ಎಲ್ಲಿಂದ ತರುವುದು? ಇನ್ನೊಬ್ಬ ನೆಂಟ, ಐದು ಸಾವಿರ ಕೊಟ್ಟರೆ ಬಿಡಿಸಿಕೊಡುವ ಜನ ಇದ್ದಾರೆ ಎಂದು ಟೆಲಿಗ್ರಾಂ ನಂಬರ್ ಕಳಿಸಿದ. ಅವನ ಮೇಲೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ ಇಲ್ಲ. ಅಂಥವರು ಮೊದಲು ಕೇಳುವುದೇ ಪಾಸ್‌ವರ್ಡು ಮತ್ತು ಒಟಿಪಿ. ದುಡ್ಡೂ ಹೋಗುತ್ತದೆ, ಅಕೌಂಟೂ ಹೋಗುತ್ತದೆ.

ನಮ್ಮಲ್ಲಿ ಒಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. 2021ರ ಐಟಿ ನಿಯಮದ ಪ್ರಕಾರ ದೊಡ್ಡ ಸೋಶಿಯಲ್ ಮೀಡಿಯಾ ಕಂಪನಿಗಳು ಭಾರತದಲ್ಲೇ ಇರುವ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಅವರ ಹೆಸರು, ವಿಳಾಸ ಪ್ರಕಟಿಸಿರಬೇಕು. ದೂರು ತಲುಪಿದೆ ಎಂದು 24 ಗಂಟೆಯೊಳಗೆ ಹೇಳಬೇಕು. ಇದನ್ನು ಹೇಳಿದ ಕೂಡಲೇ ಮಾಷ್ಟ್ರ ಸ್ವರವೇ ಬದಲಾಯಿತು. "ಹೆಸರು ಉಂಟಾ? ಮನುಷ್ಯನ ಹೆಸರಾ?" ಎಂದರು.

ಅವರಿಗೆ ಬೇಕಿದ್ದದ್ದು ಅದೇ ಎಂದು ನನಗೆ ಆಗ ಅನ್ನಿಸಿತು. ಗೆಲುವಿಗಿಂತ ಜಾಸ್ತಿ, ಎದುರಿಗೆ ಒಬ್ಬರು ಬೇಕಿತ್ತು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ಇಂಥ ಅಪೀಲನ್ನು ಬರೀ ಮಷೀನ್ ನಿರ್ಧರಿಸುವ ಹಾಗಿಲ್ಲ, ತಿಳಿದ ಸಿಬ್ಬಂದಿಯ ಮೇಲ್ವಿಚಾರಣೆ ಇರಬೇಕು ಎಂದು ಬರೆದಿದ್ದಾರೆ. ನಮ್ಮ ತಾಲೂಕು ಕಚೇರಿಯನ್ನು ಎಷ್ಟು ಬೈದರೂ, ಅಲ್ಲಿ ಕಿಟಕಿಯ ಆಚೆ ಒಬ್ಬ ಗುಮಾಸ್ತ ಇರುತ್ತಾನೆ. ನಾಳೆ ಬನ್ನಿ ಎಂದಾದರೂ ಅನ್ನುತ್ತಾನೆ. ಜಗಳ ಆಡಬಹುದು, ಅವನ ಮೇಲಿನವರ ಹತ್ತಿರ ಹೋಗಬಹುದು. ಇಲ್ಲಿ 'ಪರಿಶೀಲಿಸಿದ್ದೇವೆ' ಎನ್ನುವ ಆ 'ನಾವು' ಯಾರು? ಬ್ಯಾಂಕಿನಲ್ಲಿ, ವಿಮೆಯಲ್ಲಿ, ಕೆಲಸದ ಅರ್ಜಿಯಲ್ಲೂ ಇದೇ ರೂಢಿ ಆಗುತ್ತಿದೆ. ಇಲ್ಲ ಎಂದು ಹೇಳಿಸಿಕೊಳ್ಳುವುದು ನಮಗೆಲ್ಲ ಅಭ್ಯಾಸ ಇದೆ. ಯಾರೂ ಇಲ್ಲದ ಕಡೆಯಿಂದ ಹೇಳಿಸಿಕೊಂಡು ಅಭ್ಯಾಸ ಇಲ್ಲ.

ಮಾಷ್ಟ್ರು ಆ ಕುಂದುಕೊರತೆ ಅಧಿಕಾರಿಗೆ ಪತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಒಂದು ಅಕ್ಷರವನ್ನೂ ಕಡಿಮೆ ಮಾಡಲು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ನಂಬರಿನ ಜೊತೆ ಮರುತ್ತರ ಬಂತು. ಅದೂ ತಾನಾಗಿ ಬಂದದ್ದೇ ಇರಬೇಕು, ನಾನು ಬಾಯಿ ಬಿಡಲಿಲ್ಲ.

ಅವರೂ ಇಲ್ಲ ಎಂದರೆ ಮುಂದೇನು ಎಂದು ಕೇಳಿದರು. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಮೂರು ಮೇಲ್ಮನವಿ ಸಮಿತಿ ಮಾಡಿದೆ, ಅಧಿಕಾರಿಯ ಉತ್ತರ ಸಿಕ್ಕ 30 ದಿನದೊಳಗೆ ಆನ್‌ಲೈನಿನಲ್ಲೇ ಹೋಗಬಹುದು ಎಂದೆ. ಒಂದೊಂದರಲ್ಲೂ ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು.

"ಮೂರು ಜನವಾ! ವೇಣೂರಿಗೆ ಬಂದವರು ಒಬ್ಬರಾದರೂ ಇದ್ದಾರಾ, ಸ್ವಲ್ಪ ವಿಚಾರಿಸಿ ಹೇಳು" ಎಂದು ಫೋನ್ ಇಟ್ಟರು.