ಹಡಗಿನ ಲೆಕ್ಕದಲ್ಲಿ ಬದುಕುವ ಊರು

ಕುಮಟೆಯಿಂದ ಫೋನ್ ಬಂದಾಗಲೆಲ್ಲ ಮೊದಲು ಕೇಳುವುದು, ಚಳಿ ಎಷ್ಟು ಅಂತ. ಅದಾದ ಮೇಲೆ, ನಿಮ್ಮ ಊರಲ್ಲಿ ಜನ ಎಷ್ಟಿದ್ದಾರೆ ಅಂತ. ಚಳಿ ಎಷ್ಟು ಅಂತ ಕಿಟಕಿ ಪಕ್ಕದ ಥರ್ಮಾಮೀಟರ್ ನೋಡಿ ಹೇಳಿಬಿಡಬಹುದು. ಜನರ ಲೆಕ್ಕ ಮಾತ್ರ ಅಷ್ಟು ಸುಲಭವಲ್ಲ. ಯಾವ ತಿಂಗಳಲ್ಲಿ? ಯಾವ ವಾರ? ಮಧ್ಯಾಹ್ನವೋ, ರಾತ್ರಿ ಹತ್ತಕ್ಕೋ?

ಸ್ಕ್ಯಾಗ್ವೇ ಇರುವುದು ಅಲಾಸ್ಕಾದ ಆಗ್ನೇಯ ಮೂಲೆಯಲ್ಲಿ. ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಉದ್ದಕ್ಕೆ ಒಳಗೆ ನುಗ್ಗಿ ಬಂದು ಕೊನೆಯಾಗುವ ಜಾಗ ಅದು. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕವರು 1,240 ಜನ. ಬೇಸಿಗೆಗೆ ಕೆಲಸಕ್ಕೆ ಬರುವವರು ಸೇರಿದರೆ ಅದರ ಎರಡು ಪಟ್ಟಾಗುತ್ತದೆ. ನಾಲ್ಕು ದೊಡ್ಡ ಕ್ರೂಸ್ ಹಡಗು ಒಟ್ಟಿಗೆ ಬಂದ ದಿನ ಹೊಸದಾಗಿ ಇಳಿಯುವವರೇ ಹತ್ತು ಸಾವಿರ ದಾಟುತ್ತಾರೆ. ಒಂದು ಸೀಸನ್ನಿಗೆ ಹಡಗಿನಲ್ಲಿ ಬಂದು ಹೋಗುವವರು ಈಗ ಹತ್ತು ಲಕ್ಷಕ್ಕೂ ಜಾಸ್ತಿ. ಸಂಜೆ ಹಡಗು ಹೊರಟ ಮೇಲೆ ಇದೇ ಬೀದಿಯಲ್ಲಿ ನಾಯಿ ಕರಕೊಂಡು ಓಡಾಡುವ ಒಬ್ಬಿಬ್ಬರು ಬಿಟ್ಟರೆ ಯಾರೂ ಕಾಣುವುದಿಲ್ಲ.

ಜನವರಿಯ ಲೆಕ್ಕ ಇನ್ನೂ ಬೇರೆ. ಆಗ ಕಾಯಂ ನಿವಾಸಿಗಳಲ್ಲೇ ಎಷ್ಟೋ ಜನ ಮೆಕ್ಸಿಕೋ, ಹವಾಯಿ ಅಂತ ಬಿಸಿಲು ಹುಡುಕಿ ಹೋಗಿರುತ್ತಾರೆ. ಇಲ್ಲಿ ಹೊಸಬರಿಗೆ ಮೊದಲು ಕೇಳುವ ಪ್ರಶ್ನೆ ನಿಮ್ಮ ಹೆಸರೇನು ಅಂತಲ್ಲ, ಚಳಿಗಾಲಕ್ಕೂ ಇರುತ್ತೀರಾ ಅಂತ. ಹೌದು ಅಂದರೆ ಮುಖದ ಚಹರೆಯೇ ಬದಲಾಗುತ್ತದೆ. ಇಲ್ಲ ಅಂದರೂ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ನಿಮ್ಮ ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ತಗೊಳ್ಳುವುದಿಲ್ಲ.

ನನ್ನ ಯಜಮಾನರು ಸಿವಿಲ್ ಇಂಜಿನಿಯರ್. ಧಕ್ಕೆಯ ಕಾಮಗಾರಿಗೆ ಅಂತ ಬಂದವರು. 2022ರ ಬೇಸಿಗೆಯಲ್ಲಿ ಇಲ್ಲಿನ ರೈಲ್ವೆ ಧಕ್ಕೆಯ ಮೇಲಿರುವ ಬಂಡೆಗುಡ್ಡ ಜರಿಯಿತು. ಅದರ ಕೆಳಗೆ ಹಡಗು ಕಟ್ಟುವುದೇ ಅಪಾಯ ಅಂತಾಯಿತು. ಕೆಲವು ಹಡಗಿನವರನ್ನು ಸಣ್ಣ ದೋಣಿಗಳಲ್ಲಿ ತಂದು ಇಳಿಸಬೇಕಾಯಿತು. ಘಟ್ಟದ ಕೆಳಗೆ ಹುಟ್ಟಿದ ನಮಗೆ ಗುಡ್ಡ ಜರಿಯುವುದು ಹೊಸ ಸುದ್ದಿಯಲ್ಲ, ಅಂಕೋಲೆಯ ಶಿರೂರಿನಲ್ಲಿ 2024ರಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಆದರೆ ಒಂದು ಗುಡ್ಡ ಜರಿದರೆ ಇಡೀ ಊರಿನ ವರ್ಷದ ದುಡಿಮೆಗೆ ಕುತ್ತು ಬರುತ್ತದೆ ಅನ್ನುವುದನ್ನು ನಾನು ನೋಡಿದ್ದು ಇಲ್ಲೇ.

ಯಾಕಂದರೆ ಇಲ್ಲಿ ಹಡಗು ಬಿಟ್ಟರೆ ಬೇರೆ ದುಡಿಮೆ ಅಂತ ಹೆಚ್ಚೇನೂ ಇಲ್ಲ. ಏಪ್ರಿಲ್ ಕೊನೆಯಿಂದ ಅಕ್ಟೋಬರ್ ತನಕ ಸೀಸನ್. ಈ ಆರು ತಿಂಗಳಲ್ಲಿ ಗಳಿಸಿದ್ದೇ ವರ್ಷದ್ದು. ಸೇಲ್ಸ್ ಟ್ಯಾಕ್ಸ್ ಕೂಡ ಸೀಸನ್ ಪ್ರಕಾರವೇ. ಬೇಸಿಗೆಯಲ್ಲಿ ನೂರಕ್ಕೆ 5, ಚಳಿಗಾಲದಲ್ಲಿ 3. ಬಂದುಹೋಗುವವರ ಹತ್ತಿರ ಜಾಸ್ತಿ ವಸೂಲಿ, ಊರವರಿಗೆ ರಿಯಾಯಿತಿ. ಕ್ರೂಸ್ ಪ್ರಯಾಣಿಕರಿಂದ ರಾಜ್ಯ ಸರ್ಕಾರ ತೆಗೆದುಕೊಳ್ಳುವ ತೆರಿಗೆಯಲ್ಲಿ ತಲೆಗೆ 5 ಡಾಲರ್ ಹಡಗು ನಿಲ್ಲುವ ಊರಿಗೆ ಬರುತ್ತದೆ. ಹತ್ತು ಲಕ್ಷವನ್ನು ಐದರಿಂದ ಗುಣಿಸಿ ನೋಡಿ. ಸಾವಿರ ಚಿಲ್ಲರೆ ಜನರ ಊರಿಗೆ ಅದು ಸಣ್ಣ ದುಡ್ಡಲ್ಲ.

ಹಾಗಾಗಿ ಎಲ್ಲರ ಮನೆಯ ಫ್ರಿಜ್ ಮೇಲೂ ಹಡಗಿನ ಕ್ಯಾಲೆಂಡರ್ ಅಂಟಿಸಿರುತ್ತದೆ. ಯಾವ ದಿನ ಯಾವ ಹಡಗು, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ಜನ. ಕಿರಾಣಿ ಅಂಗಡಿಗೆ ಹೋಗುವುದು, ಬ್ಯಾಂಕಿಗೆ ಹೋಗುವುದು ಎಲ್ಲ ಅದನ್ನು ನೋಡಿಯೇ. ನಾಲ್ಕು ಹಡಗಿನ ದಿನ ಮಧ್ಯಾಹ್ನ ಬ್ರಾಡ್‌ವೇ ಬೀದಿ ದಾಟುವ ಧೈರ್ಯ ಯಾರೂ ಮಾಡುವುದಿಲ್ಲ. ಹಡಗಿನಿಂದ ಆಗಷ್ಟೇ ಇಳಿದವರು, ಈ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಕೇಳುತ್ತಾರೆ ಅನ್ನುವುದು ಇಲ್ಲಿನವರ ಹಳೇ ಜೋಕು. ಸುಳ್ಳಿರಬೇಕು ಅಂದುಕೊಂಡಿದ್ದೆ. ನನ್ನನ್ನೇ ಒಬ್ಬರು ಕೇಳಿದರು.

ಬಂದುಹೋಗುವವರನ್ನು ನಂಬಿ ಬದುಕುವುದು ಈ ಊರಿಗೆ ಹುಟ್ಟಿನಿಂದ ಬಂದದ್ದು. ಬೆಟ್ಟ ದಾಟಿ ಒಳನಾಡಿಗೆ ಹೋಗುವ ಚಿಲ್ಕೂಟ್ ದಾರಿ ಮೊದಲು ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಕೈಯಲ್ಲಿತ್ತು, ಅದು ಅವರ ವ್ಯಾಪಾರದ ದಾರಿ. 1887ರಲ್ಲಿ ವಿಲಿಯಂ ಮೂರ್ ಎನ್ನುವ ಹಡಗಿನ ಕಪ್ತಾನ ಇಲ್ಲಿ 160 ಎಕರೆಗೆ ಬೇಲಿ ಹಾಕಿ ಕೂತ. ಎಂದಾದರೂ ಬೆಟ್ಟದಾಚೆ ಚಿನ್ನ ಸಿಕ್ಕೇ ಸಿಗುತ್ತದೆ, ಜನ ಇಲ್ಲಿಂದಲೇ ಹೋಗಬೇಕು ಅಂತ ಅವನ ಲೆಕ್ಕ. ಲೆಕ್ಕ ಸರಿಯಿತ್ತು. 1896ರಲ್ಲಿ ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸಾವಿರಾರು ಜನ ಬಂದಿಳಿದರು. ಬಂದವರು ಮೂರನ ಜಾಗದಲ್ಲೇ ಬೀದಿ ಅಳೆದು, ಸೈಟು ಹಂಚಿಕೊಂಡುಬಿಟ್ಟರು. ಅವನು ಕೋರ್ಟಿಗೆ ಅಲೆಯಬೇಕಾಯಿತು.

1898ರ ಹೊತ್ತಿಗೆ ಊರಲ್ಲಿ ಎಂಟು-ಹತ್ತು ಸಾವಿರ ಜನ ಇದ್ದರಂತೆ. ಒಂದು ವರ್ಷಕ್ಕಾಗುವ ಸಾಮಾನು, ಹತ್ತಿರ ಹತ್ತಿರ ಒಂದು ಟನ್, ಹೊತ್ತು ತಂದವರನ್ನು ಮಾತ್ರ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿದ್ದರು. ಅದನ್ನು ಹೊತ್ತು ವೈಟ್ ಪಾಸ್ ಅನ್ನುವ ಇನ್ನೊಂದು ಬೆಟ್ಟದ ದಾರಿ ಹತ್ತಿದ ಕುದುರೆಗಳಲ್ಲಿ ಮೂರು ಸಾವಿರ ಸತ್ತವು. ಚಿನ್ನ ಕಂಡವರು ಕೆಲವೇ ಜನ. ಹಿಟ್ಟು, ಹಂದಿಮಾಂಸ, ಸಲಿಕೆ ಮಾರಿದ ಅಂಗಡಿಯವರು ಮಾತ್ರ ಚೆನ್ನಾಗಿ ದುಡಿದರು. ಸೋಪಿ ಸ್ಮಿತ್ ಅನ್ನುವ ಮೋಸಗಾರನೊಬ್ಬ ಇಲ್ಲಿ ತಂತಿ ಆಫೀಸು ಇಟ್ಟು, ಎಲ್ಲಿಗೂ ಹೋಗದ ತಂತಿಯ ಮೇಲೆ ಜನರ ಸಂದೇಶ ‘ಕಳಿಸಿ’ ದುಡ್ಡು ಹೊಡೆಯುತ್ತಿದ್ದ ಅಂತ ಕಥೆ. 1898ರ ಜುಲೈನಲ್ಲಿ ಗುಂಡೇಟಿಗೆ ಸತ್ತ. ಈಗ ಅವನ ಹೆಸರಲ್ಲೂ ಟಿಕೆಟ್ ಮಾರುತ್ತಾರೆ!

ಜನಗಣತಿಯ ಹಳೇ ಅಂಕಿ ನೋಡಿದರೆ ಊರು ಹೇಗೆ ಉಸಿರು ಹಿಡಿದು ಬದುಕಿತು ಅಂತ ತಿಳಿಯುತ್ತದೆ. 1900ರಲ್ಲಿ 3,117. 1930ರಲ್ಲಿ 492. ಅಷ್ಟರಮಟ್ಟಿಗಾದರೂ ಉಳಿಸಿದ್ದು ರೈಲು. ವೈಟ್ ಪಾಸ್ ಮೇಲಿಂದ ಕೆನಡಾದ ವೈಟ್‌ಹಾರ್ಸ್ ಊರಿನವರೆಗೆ 110 ಮೈಲಿ, ಮೂರಡಿ ಅಗಲದ ಹಳಿ. 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದರು. ಮುಂದೆ ಅದು ಕೆನಡಾದ ಗಣಿಗಳ ಅದಿರು ಇಳಿಸುತ್ತಿತ್ತು. 1982ರಲ್ಲಿ ಲೋಹಗಳ ಬೆಲೆ ಬಿದ್ದು ಗಣಿ ನಿಂತಿತು, ರೈಲೂ ನಿಂತಿತು. 1990ರ ಎಣಿಕೆ 692. ಅಷ್ಟರಲ್ಲಿ, 1988ರಲ್ಲೇ, ಅದೇ ಹಳಿಯ ಮೇಲೆ ಪ್ರವಾಸಿಗರ ರೈಲು ಓಡತೊಡಗಿತ್ತು. ಈಗ ಹಡಗಿಂದ ಇಳಿದವರು ಮೊದಲು ಓಡುವುದೇ ಅದರ ಕಡೆಗೆ.

ಇನ್ನು ಬ್ರಾಡ್‌ವೇ ಬೀದಿಯ ಆಭರಣದ ಅಂಗಡಿಗಳು. ಇಷ್ಟು ಸಣ್ಣ ಊರಿಗೆ ಇಷ್ಟೊಂದು ವಜ್ರದಂಗಡಿ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಳಗೆ ನಿಂತಿರುವ ಹುಡುಗರಲ್ಲಿ ನಮ್ಮ ದೇಶದವರು ಬಹಳ. ಅಕ್ಟೋಬರಿನಲ್ಲಿ ಶಟರ್ ಎಳೆದು, ಹಡಗುಗಳು ಕೆರಿಬಿಯನ್ನಿಗೆ ಹೊರಟ ಹಾಗೆ ಇವರಲ್ಲೂ ಅನೇಕರು ಅಲ್ಲಿಗೇ ಹೊರಡುತ್ತಾರೆ. ಊರವರಿಗೆ ಇದರ ಮೇಲೆ ಸಿಟ್ಟಿದೆ. ಲಾಭ ಹೊರಗೆ ಹೋಗುತ್ತದೆ, ಬಾಡಿಗೆ ಏರುತ್ತದೆ, ಚಳಿಗಾಲದಲ್ಲಿ ಬೀದಿ ಕತ್ತಲೆ ಅಂತ. ಆ ಸಿಟ್ಟಿನಲ್ಲಿ ನ್ಯಾಯವಿದೆ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಆ ಹುಡುಗರು ಒಂದು ಕೋಣೆಯಲ್ಲಿ ನಾಲ್ಕೈದು ಜನ ಮಲಗಿ, ವಾರದ ಏಳೂ ದಿನ ನಿಂತು ದುಡಿಯುವುದನ್ನೂ ನೋಡಿದ್ದೇನೆ. ಮನೆ ಸಿಗುವುದು ಎಲ್ಲರಿಗೂ ಕಷ್ಟವೇ. ಬೇಸಿಗೆಗೆ ಬರುವ ಕೆಲಸಗಾರರು ವ್ಯಾನಿನಲ್ಲಿ, ಟ್ರೇಲರಿನಲ್ಲಿ, ಕಂಪನಿಯ ಡಾರ್ಮೆಟರಿಯಲ್ಲಿ ದಿನ ತಳ್ಳುತ್ತಾರೆ.

ನನ್ನ ಪಾಡು ಇನ್ನೊಂದು ಥರ. ಮೇ ತಿಂಗಳಲ್ಲಿ ಪ್ರತಿ ಅಂಗಡಿಯ ಗಾಜಿನ ಮೇಲೂ ‘ಕೆಲಸಕ್ಕೆ ಜನ ಬೇಕು’ ಅಂತ ಚೀಟಿ. ಬೇಕರಿಯವರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ನನ್ನದು ಎಚ್-4 ವೀಸಾ, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಬಂದವರದ್ದು, ಸಂಬಳ ತಗೊಂಡು ಕೆಲಸ ಮಾಡುವ ಹಾಗಿಲ್ಲ. ಅದಕ್ಕೇ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಲು ಸುಮ್ನೆ ಹೋಗುತ್ತೇನೆ.

ಹೋಗಿದ್ದು ಒಳ್ಳೆಯದೇ ಆಯಿತು. ಹಡಗಿನ ಸಿಬ್ಬಂದಿಗೆ ಎರಡು ಗಂಟೆ ಬಿಡುವು ಸಿಕ್ಕರೆ ವೈಫೈಗಾಗಿ ಬರುವ ಜಾಗ ಲೈಬ್ರರಿ. ಹೊರಗೆ ಬೆಂಚಿನ ಮೇಲೆ, ಮೆಟ್ಟಿಲ ಮೇಲೆ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದ ಹುಡುಗರು ಸಾಲಾಗಿ ಕೂತು ಮನೆಗೆ ವಿಡಿಯೋ ಕಾಲ್ ಮಾಡುತ್ತಿರುತ್ತಾರೆ. ಒಂದು ದಿನ ಅವರ ನಡುವೆ ತುಳು ಕೇಳಿಸಿತು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹಡಗಿನ ಅಡುಗೆಮನೆಗೆ, ಹೌಸ್‌ಕೀಪಿಂಗಿಗೆ ಬರುವವರು ಇದ್ದೇ ಇರುತ್ತಾರೆ.

‘ಯಾವ ಊರು ತಮಾ?’ ಅಂದೆ.

ಹುಡುಗ ಫೋನ್ ಕೆಳಗಿಟ್ಟು ದಡಬಡಿಸಿ ಎದ್ದು ನಿಂತ. ‘ಮೂಡಬಿದ್ರೆ ಅಕ್ಕಾ. ನೀವು ಇಲ್ಲಿ ಇರುದಾ? ಚಳಿಗೂ ಇರ್ತೀರಾ?’

ಅವನಿಗೂ ಅದೇ ಪ್ರಶ್ನೆ! ಆ ಬೇಸಿಗೆಯಿಡೀ ಅವನ ಹಡಗು ಬಂದ ದಿನ ಕುಚ್ಚಲಕ್ಕಿ ಅನ್ನ, ಉಪ್ಪಿನಕಾಯಿ ಡಬ್ಬಿಯಲ್ಲಿ ಹಾಕಿ ಒಯ್ಯುತ್ತಿದ್ದೆ. ಸಾವಿರಾರು ಜನರಿಗೆ ದಿನಾ ಬಡಿಸುವ ಅಡುಗೆಮನೆಯ ಹುಡುಗ, ಮೆಟ್ಟಿಲ ಮೇಲೆ ಕೂತು ತಣ್ಣಗಾದ ಗಂಜಿಯನ್ನವನ್ನು ಚಪ್ಪರಿಸಿ ಉಣ್ಣುತ್ತಿದ್ದ.

ಆ ಅಕ್ಕಿ ಬರುವ ಕಥೆ ದೊಡ್ಡದು. ಊರಿನ ಸಾಮಾನೆಲ್ಲ ವಾರಕ್ಕೊಮ್ಮೆ ಸಿಯಾಟಲ್‌ನಿಂದ ಬಾರ್ಜಿನಲ್ಲಿ ಬರುತ್ತದೆ. ಬಾರ್ಜ್ ತಡವಾದರೆ ಹಾಲು ಮೊಟ್ಟೆ ಇಲ್ಲ, ಕೊತ್ತಂಬರಿ ಸೊಪ್ಪಿನ ಮಾತು ಬಿಡಿ. ಅಂಚೆಯಣ್ಣ ಮನೆಗೆ ಬರುವುದಿಲ್ಲ. ಎಲ್ಲರಿಗೂ ಅಂಚೆ ಕಚೇರಿಯಲ್ಲೇ ಪೆಟ್ಟಿಗೆ, ಊರಿನ ಸುದ್ದಿಯೆಲ್ಲ ಹಂಚಿಕೆಯಾಗುವುದು ಅಲ್ಲಿನ ಕ್ಯೂನಲ್ಲಿ. ಊರಿಂದ ಹೊರಗೆ ಹೋಗುವ ರಸ್ತೆ ಒಂದೇ ಒಂದು, ಅದು ಬೆಟ್ಟ ಹತ್ತಿ ಕೆನಡಾಕ್ಕೆ ಹೋಗುತ್ತದೆ. ವೈಟ್‌ಹಾರ್ಸ್ 175 ಕಿಲೋಮೀಟರ್. ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ತೊಗರಿಬೇಳೆ, ಗೋಧಿಹಿಟ್ಟು ಸಿಗುತ್ತದೆ. ಇಲ್ಲಿನವರಿಗೆ ಅದು ಸಂತೆಗೆ ಹೋಗಿಬಂದ ಹಾಗೆ. ಭಾರತದ ಪಾಸ್‌ಪೋರ್ಟಿನ ನಮಗೆ ಕೆನಡಾ ವೀಸಾ ಬೇಕು. ಅದು ಕೈಗೆ ಬರುವ ತನಕ ಈ ರಸ್ತೆ ಇದ್ದೂ ಇಲ್ಲದ ಹಾಗೆ. ನೀರಿನ ಮೇಲೆ ಹೇನ್ಸ್ ಊರು ಬರೀ 25 ಕಿಲೋಮೀಟರ್, ಫೆರಿಯಲ್ಲಿ ಒಂದು ಗಂಟೆ. ರಸ್ತೆಯಲ್ಲಿ ಹೋದರೆ ಕೆನಡಾ ಸುತ್ತಿ 550 ಕಿಲೋಮೀಟರಿಗೂ ಜಾಸ್ತಿ.

ಆಸ್ಪತ್ರೆ ಇಲ್ಲ, ಕ್ಲಿನಿಕ್ ಇದೆ. ಜೋರಾಗಿ ಏನಾದರೂ ಆದರೆ ಸಣ್ಣ ವಿಮಾನದಲ್ಲಿ ಅಲಾಸ್ಕಾದ ರಾಜಧಾನಿ ಜೂನೋಗೆ ಒಯ್ಯಬೇಕು, ಅದೂ ಗಾಳಿ ಬಿಟ್ಟರೆ. ಬಸುರಿಯರು ದಿನ ತುಂಬುವ ಮೊದಲೇ ದೊಡ್ಡ ಊರಿಗೆ ಹೋಗಿ ಬಾಡಿಗೆ ಮನೆಯಲ್ಲಿ ಕಾದಿರುತ್ತಾರೆ. ಹಾಗಾಗಿ ಸ್ಕ್ಯಾಗ್ವೇಯಲ್ಲೇ ಬೆಳೆದ ಮಕ್ಕಳ ಜನನ ಪತ್ರದಲ್ಲಿ ಸ್ಕ್ಯಾಗ್ವೇ ಇರುವುದು ಅಪರೂಪ.

ಚಳಿಗಾಲ ಅಂದರೆ ಮುಖ್ಯವಾಗಿ ಗಾಳಿ. ಆಗ್ನೇಯ ಅಲಾಸ್ಕಾದಲ್ಲಿ ಇದು ಮಳೆ ಕಮ್ಮಿ ಇರುವ ಊರು, ಆದರೆ ಉತ್ತರದ ಗಾಳಿ ಮನೆಯನ್ನೇ ಅಲ್ಲಾಡಿಸುತ್ತದೆ. ಡಿಸೆಂಬರಿನಲ್ಲಿ ಹಗಲು ಆರು ಗಂಟೆ. ಬೆಟ್ಟ ಅಡ್ಡ ಇರುವುದರಿಂದ ಬಿಸಿಲು ಅಷ್ಟು ಹೊತ್ತೂ ಇಲ್ಲ. ಅಂಗಡಿಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಶಾಲೆ, ಲೈಬ್ರರಿ, ಆಟದ ಹಾಲ್, ಕಿರಾಣಿ ಅಂಗಡಿ, ಒಂದೆರಡು ಬಾರು. ಒಬ್ಬೊಬ್ಬರೂ ಮೂರ್ನಾಲ್ಕು ಕೆಲಸದಲ್ಲಿ ಇರುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ಪಾಠ ಮಾಡಿದವರೇ ರಾತ್ರಿ ಬೆಂಕಿ ಆರಿಸಲು ಓಡುತ್ತಾರೆ. ಇಲ್ಲಿನ ಪತ್ರಿಕೆ ‘ಸ್ಕ್ಯಾಗ್ವೇ ನ್ಯೂಸ್’ ಮಾಲೀಕರು 2019ರಲ್ಲಿ, ಊರಲ್ಲಿದ್ದುಕೊಂಡು ನಡೆಸುವವರಿದ್ದರೆ ಪತ್ರಿಕೆಯನ್ನೇ ಪುಕ್ಕಟೆ ಕೊಡುತ್ತೇನೆ ಅಂತ ಪ್ರಕಟಿಸಿದ್ದರು. ಇಬ್ಬರು ಹೆಂಗಸರು ಮುಂದೆ ಬಂದು ವಹಿಸಿಕೊಂಡರು.

ಅದೇ ಹೊತ್ತಿಗೆ ಕೋವಿಡ್ ಬಂತು. 2020ರಲ್ಲಿ ಒಂದೂ ಕ್ರೂಸ್ ಹಡಗು ಬರಲಿಲ್ಲ. ಊರಿನ ಆಡಳಿತ ಕೇಂದ್ರದ ಪರಿಹಾರದ ಹಣದಿಂದ ಮಕ್ಕಳೂ ಸೇರಿ ಪ್ರತಿಯೊಬ್ಬರಿಗೆ ತಿಂಗಳಿಗೆ 1,000 ಡಾಲರ್ ಹಂಚಿತು. ಆ ಬೇಸಿಗೆಯ ಬಗ್ಗೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ಒಂದೇ ಉಸಿರಿಗೆ ಎರಡು ಮಾತು ಹೇಳುತ್ತಾರೆ. ದುಡ್ಡಿಲ್ಲದೆ ಹೆದರಿಕೆಯಾಗಿತ್ತು. ಬೀದಿಯ ಮಧ್ಯದಲ್ಲಿ ಮಕ್ಕಳು ಸೈಕಲ್ ಹೊಡೆಯುವುದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ. ಹಡಗು ಕಮ್ಮಿ ಮಾಡಬೇಕೋ ಬೇಡವೋ ಅನ್ನುವ ವಾದ ಪ್ರತಿ ಚಳಿಗಾಲ ನಡೆಯುತ್ತದೆ. ಏಪ್ರಿಲ್ ಬಂತೆಂದರೆ ವಾದ ಮಾಡಿದವರೆಲ್ಲ ಅಂಗಡಿಗೆ ಬಣ್ಣ ಬಳಿಯುತ್ತಿರುತ್ತಾರೆ.

ಯಾರಾದರೂ ಈ ಕಡೆ ಬರುವುದಿದ್ದರೆ ಮೇ ತಿಂಗಳ ಮೊದಲ ವಾರಗಳೋ ಸೆಪ್ಟೆಂಬರ್ ಕೊನೆಯೋ ಒಳ್ಳೆಯದು. ಹಡಗು ಕಮ್ಮಿ. ಸೆಪ್ಟೆಂಬರಿನಲ್ಲಿ ಅಂಗಡಿಗಳು ಉಳಿದ ಮಾಲನ್ನು ಅರ್ಧ ಬೆಲೆಗೆ ಕೊಡುತ್ತವೆ. ಆಗಸ್ಟಿನಲ್ಲಿ ಬಂದರೆ ಊರೊಳಗಿನ ಪುಲ್ಲೆನ್ ಹಳ್ಳದಲ್ಲಿ ಸಾಲ್ಮನ್ ಮೀನು ಕಿಕ್ಕಿರಿದು ಮೇಲೇರುವುದು ಕಾಣುತ್ತದೆ, ಮೊಟ್ಟೆಯಿಟ್ಟು ಸತ್ತವುಗಳ ವಾಸನೆಯೂ ಬರುತ್ತದೆ. ವೈಟ್‌ಹಾರ್ಸ್ ಕಡೆ ಹೋಗುವ ಆಸೆಯಿದ್ದರೆ ಕೆನಡಾ ವೀಸಾಕ್ಕೆ ಊರಲ್ಲಿದ್ದಾಗಲೇ ಅರ್ಜಿ ಹಾಕಿ. ಬರುವಾಗ ನಾಲ್ಕು ಕಿಲೋ ಕುಚ್ಚಲಕ್ಕಿ ತಂದರೆ ಊಟ ನಮ್ಮ ಮನೆಯಲ್ಲಿ.