ಅದ್ಯಾವ ಗಾಡಿ, ಲಿಂಕನ್ ಎಕ್ಸ್‌ಪ್ರೆಸ್ಸಾ?

ಭಾನುವಾರ ಅಪ್ಪ ಹೀಗೆ ಕೇಳಿದ್ದನ್ನು ಈ ವಾರ ಆಫೀಸಿನಲ್ಲಿ ಐದಾರು ಜನಕ್ಕಾದರೂ ಹೇಳಿ ನಗಿಸಿದ್ದೇನೆ. ಆದರೆ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ಮಾತಲ್ಲ. ಅದಾದ ಹತ್ತು ನಿಮಿಷಕ್ಕೆ ಅಪ್ಪ ಗುರುತೇ ಇಲ್ಲದ ಒಬ್ಬ ಮುದುಕನಿಗೆ ಹೇಳಿದ ಇನ್ನೊಂದು ಮಾತು.

ಅಪ್ಪ ಬೀರೂರು ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವನು. ಅಮೆರಿಕದ ಇಲಿನಾಯ್‌ಗೆ ಬಂದು ಒಂದು ತಿಂಗಳಾಯಿತು. ಶಾಂಪೇನ್ ಊರಿನ ನಮ್ಮ ಮನೆಯಲ್ಲಿ ಅವನಿಗೆ ಹೊತ್ತೇ ಹೋಗುವುದಿಲ್ಲ. ಎಲ್ಲಿಗೆ ಕರೆದುಕೊಂಡು ಹೋದರೂ "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾನೆ. ಶಿಕಾಗೋದ ಆಕಾಶ ಮುಟ್ಟುವ ಕಟ್ಟಡಗಳಿಗೂ ಸಿಕ್ಕಿದ್ದು ಅದೇ "ಚೆನ್ನಾಗಿದೆ". ನನ್ನ ಹೆಂಡತಿಗೆ ಇದರಿಂದ ಸ್ವಲ್ಪ ಸಿಟ್ಟೇ ಬಂದಿದೆ.

ಭಾನುವಾರ 45ನೇ ನಂಬರ್ ರಸ್ತೆ ಹಿಡಿದು ಟಸ್ಕೋಲಾ ಕಡೆ ಹೊರಟಿದ್ದೆವು. ದಾರಿಯಲ್ಲಿ ಟೊಲೋನೋ ಸಿಗುತ್ತದೆ. ಮೂರೂವರೆ ಸಾವಿರ ಜನರ ಊರು. ಸುತ್ತ ಜೋಳ, ಸೋಯಾ, ಮಧ್ಯೆ ಧಾನ್ಯ ತುಂಬುವ ಎತ್ತರದ ಸಿಮೆಂಟ್ ಕಣಜಗಳು. ಆರು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಅವತ್ತು ಅಪ್ಪನಿಗೆ ಬಾತ್‌ರೂಮಿಗೆ ಹೋಗಬೇಕಾಗಿತ್ತು, ಅದಕ್ಕೇ ಊರೊಳಗೆ ತಿರುಗಿಸಿದೆ. ವಾಪಸ್ ಬರುವಾಗ ಗೇಟು ಬಿತ್ತು.

ಗೂಡ್ಸ್ ಗಾಡಿ. ನಾನು ಫೋನ್ ತೆಗೆದೆ. ಅಪ್ಪ ಕಾರಿಂದ ಇಳಿದೇಬಿಟ್ಟ. ಬೆರಳು ಮಡಚಿಕೊಂಡು ವ್ಯಾಗನ್ ಎಣಿಸತೊಡಗಿದ. ಪಕ್ಕದಲ್ಲಿ ಪಿಕಪ್ ಟ್ರಕ್ಕಿಗೆ ಒರಗಿ ನಿಂತಿದ್ದ ಮುದುಕನೊಬ್ಬ ಅವನನ್ನೇ ನೋಡುತ್ತಿದ್ದ. ತಲೆಗೆ ಹಳೇ ಟೋಪಿ, ಮುಖದಲ್ಲಿ ನಗು ಅನ್ನುವುದೇ ಇಲ್ಲ. ಏನಾದರೂ ಅಂದುಬಿಡುತ್ತಾನೋ ಅಂತ ಹೆದರಿ ನಾನೂ ಇಳಿದೆ.

ಗಾಡಿ ಮುಗಿಯಲು ಎಷ್ಟು ಹೊತ್ತು ಹಿಡಿಯಿತೋ. ಕೊನೇ ವ್ಯಾಗನ್ ಹತ್ತಿರ ಬಂದಾಗ ಅಪ್ಪ ತಾನಾಗಿಯೇ ನೆಟ್ಟಗೆ ನಿಂತು ಬಲಗೈ ಎತ್ತಿದ. ಹಸಿರು ಬಾವುಟ ಹಿಡಿದ ಹಾಗೆ. ಆ ಕಡೆಯಿಂದ ಗಾರ್ಡ್ ಬಾವುಟ ತೋರಿಸಬೇಕು, ಅದು ಲೆಕ್ಕ. ಇಲ್ಲಿ ಗಾರ್ಡ್ ಡಬ್ಬಿಯೇ ಇಲ್ಲ. ಕೊನೇ ವ್ಯಾಗನ್ನಿನ ಹಿಂದೆ ಒಂದು ಪೆಟ್ಟಿಗೆ, ಅದರಲ್ಲಿ ಮಿಣುಕುವ ಕೆಂಪು ದೀಪ.

"ಗಾರ್ಡೇ ಇಲ್ವಲ್ಲೋ!" ಅಂದ ಅಪ್ಪ. ಎತ್ತಿದ ಕೈ ಹಾಗೇ ಇತ್ತು.

ಮುದುಕನಿಗೆ ಕನ್ನಡ ಎಲ್ಲಿ ಬರಬೇಕು, ಆದರೆ ಆ ಕೈ ಅರ್ಥವಾಯಿತು. "ಎಂಬತ್ತರ ದಶಕದಿಂದ ಒಂದೊಂದಾಗಿ ತೆಗೆದುಬಿಟ್ಟರು" ಅಂದ. ಅವನೂ ಇದೇ ಹಳಿಯ ಮೇಲೆ ಕೆಲಸ ಮಾಡಿದವನು, ಅವರಪ್ಪನೂ. ಅಷ್ಟು ಸಾಕಾಯಿತು. ಅಪ್ಪ ತನ್ನ ರೈಲ್ವೆ ಇಂಗ್ಲಿಷಿನಲ್ಲಿ ಶುರುಮಾಡಿದ. ಮೊದಲ ಪ್ರಶ್ನೆಯೇ, ಇಲ್ಲಿ ಪ್ಯಾಸೆಂಜರ್ ನಿಲ್ಲಲ್ವಾ?

"ಲಿಂಕನ್‌ಗೆ ನಿಂತಿತ್ತು" ಅಂದ ಮುದುಕ.

ಅಪ್ಪ ನನ್ನ ಕಡೆ ತಿರುಗಿ ಕೇಳಿದ, "ಅದ್ಯಾವ ಗಾಡಿ, ಲಿಂಕನ್ ಎಕ್ಸ್‌ಪ್ರೆಸ್ಸಾ?"

ಮುದುಕ ಹೇಳಿದ್ದು ನಿಜವೇ. 1861ರ ಫೆಬ್ರವರಿ 11. ಅಬ್ರಹಾಂ ಲಿಂಕನ್ ಚುನಾವಣೆ ಗೆದ್ದು ಸ್ಪ್ರಿಂಗ್‌ಫೀಲ್ಡಿನಿಂದ ವಾಷಿಂಗ್ಟನ್ನಿಗೆ ಹೊರಟಿದ್ದ. ಮಾರನೇ ದಿನ ಅವನಿಗೆ 52 ತುಂಬುವುದಿತ್ತು. ಗಾಡಿ ಟೊಲೋನೋದಲ್ಲಿ ನಿಂತಾಗ ಸೇರಿದ್ದ ಜನಕ್ಕೆ ನಾಲ್ಕೇ ನಾಲ್ಕು ಮಾತು ಹೇಳಿದ. ದೇಶದ ಕೆಲಸಕ್ಕೆ ಹೊರಟಿದ್ದೇನೆ, ತೊಂದರೆಗಳಿವೆ ಅಂತ ನಿಮಗೂ ಗೊತ್ತು, ಮೋಡದ ಹಿಂದೆ ಸೂರ್ಯ ಬೆಳಗುತ್ತಲೇ ಇದ್ದಾನೆ ಅಂತ ಯಾರೋ ಕವಿ ಅಂದಿದ್ದಾನೆ, ನಂಬೋಣ. ಅಷ್ಟೇ. ನಾಲ್ಕು ವರ್ಷದ ಮೇಲೆ ಅವನ ಹೆಣ ಸ್ಪ್ರಿಂಗ್‌ಫೀಲ್ಡಿಗೆ ವಾಪಸ್ ಬಂದಿದ್ದು ಬೇರೆ ಲೈನಿನಲ್ಲಿ, ಶಿಕಾಗೋ ಮೇಲಿಂದ. ಈ ಊರು ಅವನನ್ನು ಮತ್ತೆ ನೋಡಲಿಲ್ಲ.

ಅವನು ಇಲಿನಾಯ್ ಸೆಂಟ್ರಲ್ ರೈಲ್ವೆಯ ವಕೀಲನೂ ಆಗಿದ್ದ, 5000 ಡಾಲರ್ ಫೀಸಿಗಾಗಿ ಆ ಕಂಪನಿಯ ಮೇಲೇ ಕೇಸ್ ಹಾಕಿ ಗೆದ್ದಿದ್ದ ಅಂತ ನಾನು ಹೇಳಿದೆ. ಅಪ್ಪನಿಗೆ ಲಿಂಕನ್ ಮೇಲೆ ಗೌರವ ಹುಟ್ಟಿದ್ದೇ ಆಗ. "ಹಾಗಾದ್ರೆ ನಮ್ಮೋನೇ ಬಿಡು."

ಈ ಊರನ್ನು ಹಡೆದಿದ್ದೇ ಆ ಕಂಪನಿ. ನಮ್ಮ ಕಡೆ ಊರಿತ್ತು, ಆಮೇಲೆ ರೈಲು ಬಂತು. ಇಲ್ಲಿ ತಿರುವುಮುರುವು. ಸರ್ಕಾರ ಕಂಪನಿಗೆ ಸುಮಾರು 26 ಲಕ್ಷ ಎಕರೆ ಕೊಟ್ಟಿತು. ಅದನ್ನು ಮಾರುತ್ತಾ 1856ರ ಹೊತ್ತಿಗೆ 705 ಮೈಲಿ ಹಳಿ ಹಾಕಿ ಮುಗಿಸಿದರು. ಬಯಲಿನ ನಡುವೆ ಸ್ಟೇಷನ್ ಗುರುತು ಮಾಡುವುದು, ಸುತ್ತ ಸೈಟು ಹಂಚುವುದು, ಹೆಸರಿಡುವುದು. ಕಂಪನಿಯ ಭೂಮಿ ವಿಭಾಗದ ಕ್ಯಾಲ್ಹೂನ್ ಎಂಬಾತ ಮೂರು 'ಓ' ಬರೆದುಕೊಂಡು, ಅವುಗಳ ಜೊತೆ ಟ, ಲ, ನ ಸೇರಿಸಿದನಂತೆ. ಟೊಲೋನೋ. ಅರ್ಥ ಏನೂ ಇಲ್ಲ. ಅಪ್ಪನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಊರಿಗೆ ದೇವರಿರಬೇಕು, ಇಲ್ಲ ಒಂದು ಮರವಾದರೂ ಇರಬೇಕು ಅನ್ನುವ ಪೈಕಿ ಅವನು.

ಆದರೆ ಡೈಮಂಡ್, ಅಂದರೆ ಎರಡು ಹಳಿ ಒಂದನ್ನೊಂದು ಅಡ್ಡ ಹಾಯುವ ಜಾಗ, ಹಿಡಿಸಿತು. ಉತ್ತರ ದಕ್ಷಿಣದ ಇಲಿನಾಯ್ ಸೆಂಟ್ರಲ್ ಹಳಿಯನ್ನು ಪೂರ್ವ ಪಶ್ಚಿಮದ ಇನ್ನೊಂದು ಹಳಿ ಇದೇ ಊರಿನಲ್ಲಿ ಕತ್ತರಿಸುತ್ತದೆ. ಲಿಂಕನ್ ಬಂದಿದ್ದು ಆ ಎರಡನೇ ಹಳಿಯಲ್ಲಿ. ಹಿಂದೆ ಇಲ್ಲಿ ಜನ ಇಳಿದು ಗಾಡಿ ಬದಲಿಸುತ್ತಿದ್ದರು. ಈಗ ಶಿಕಾಗೋ ಕಡೆಯ ಪ್ಯಾಸೆಂಜರ್‌ಗಳು ಶಾಂಪೇನ್‌ನಲ್ಲಿ ನಿಂತು, ಇಲ್ಲಿ ಧೂಳೆಬ್ಬಿಸಿ ಹೋಗುತ್ತವೆ. ಹಗುರ ಗಾಡಿ ಬಂದರೆ ಸಿಗ್ನಲ್ಲಿಗೆ ಸರಿಯಾಗಿ ಗೊತ್ತಾಗುವುದಿಲ್ಲ ಅಂತ ಈ ಲೈನಿನಲ್ಲಿ ಕನಿಷ್ಠ 32 ಅಚ್ಚು, ಅಂದರೆ 32 ಜೊತೆ ಚಕ್ರ, ಇರಲೇಬೇಕು ಅಂತ ನಿಯಮ ಮಾಡಿದ್ದರಂತೆ. ಜನ ಇರಲಿ ಬಿಡಲಿ, ಅಷ್ಟು ಡಬ್ಬಿ ಎಳೆಯಲೇಬೇಕಿತ್ತು. ಇಬ್ಬರೂ ಟ್ರ್ಯಾಕ್ ಸರ್ಕ್ಯೂಟ್ ಬಗ್ಗೆ ಶುರುಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ತಿಂಗಳಲ್ಲಿ ಮೊದಲ ಸಲ ಅಪ್ಪ ಕೈ ಬೀಸಿ ಮಾತಾಡುತ್ತಿದ್ದ.

ಆಗ ಮುದುಕ ಕೇಳಿದ. "ಯಾವತ್ತಾದರೂ ಗಾಡಿಯನ್ನು ತಪ್ಪು ಹಳಿಗೆ ತೆಗೆದುಕೊಂಡಿದ್ದೀಯಾ?"

"ಒಂದೇ ಸಲ" ಅಂದ ಅಪ್ಪ. "ಮಳೆ. ರಾತ್ರಿ. ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ನೋಡಿ ಕೂಗಿಕೊಂಡ. ನಿಂತಿತು."

ಮುದುಕ ತಲೆಯಾಡಿಸಿದ. "ನಾನೂ ಒಂದೇ ಸಲ."

ಅಷ್ಟೇ. ಆಮೇಲೆ ಮಾತು ಜೋಳದ ರೇಟಿಗೆ ಹೋಯಿತು.

ನಾನು ಅಲ್ಲೇ ನಿಂತಿದ್ದೆ. ನನಗೆ ನಲವತ್ತೆರಡು. ನಾನು ಹುಟ್ಟಿದ್ದು, ಬೆಳೆದಿದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ನೈಟ್ ಡ್ಯೂಟಿ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗಿದರೆ, ಗಲಾಟೆ ಮಾಡಬೇಡಿ ಅಂತ ಅಮ್ಮ ಬೈಯುತ್ತಿದ್ದಳು. ಅದು ಬಿಟ್ಟರೆ ಅವನ ಕೆಲಸದ ಬಗ್ಗೆ ನನಗೇನು ಗೊತ್ತು? ಪಾಸ್ ಸಿಗುತ್ತಿತ್ತು. ಯೂನಿಫಾರ್ಮ್ ಬಿಳಿ. ಎದುರು ಗಾಡಿ ಬರುವುದಿತ್ತಾ ಆವತ್ತು? ಆ ಪಾಯಿಂಟ್ಸ್‌ಮನ್ ಯಾರು? ಯಾವ ಸ್ಟೇಷನ್ನು? ಕಾರಿನಲ್ಲಿ ಕೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ "ಎಸಿ ಜಾಸ್ತಿ ಆಯ್ತಾ ಅಪ್ಪ?" ಅಂದೆ.

ನಿನ್ನೆ ರಾತ್ರಿ ಅಪ್ಪ ಬೀರೂರಿನ ಹಳೇ ಸಹೋದ್ಯೋಗಿಗೆ ವಾಟ್ಸಾಪ್ ಕಾಲ್ ಮಾಡಿದ್ದ. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಶಿಕಾಗೋ ಸುದ್ದಿ ಇಲ್ಲ. ನಮ್ಮ ಮನೆ ಸುದ್ದಿ ಇಲ್ಲ.

"ನೂರಾ ಹದಿನೆಂಟು ವ್ಯಾಗನ್ ಕಣಯ್ಯಾ" ಅನ್ನುತ್ತಿದ್ದ. "ನಾನೇ ಎಣಿಸಿದೆ. ಗಾರ್ಡ್ ಇಲ್ಲ!"